ರಾಷ್ಟ್ರೀಯ ಭದ್ರತೆಗೆ ಬಿಗ್ ಡೇಟಾ: ಮಾಹಿತಿ ಹಂಚಿಕೆಯ ವ್ಯವಸ್ಥೆಯನ್ನು ಕಟ್ಟುವ ಬಗೆ

2000ರ ಜನವರಿಯಲ್ಲಿ ಅಲ್‌-ಖೈದಾಕ್ಕೆ ಸೇರಿದ ಕೆಲವರು ಮಲೇಷ್ಯಾದ ಕೌಲಾಲಂಪುರದಲ್ಲಿ ಸಭೆ ಸೇರಿದ್ದು ಅಮೆರಿಕದ ಸಿಐಎಗೆ ತಿಳಿದಿತ್ತು. ಅವರಲ್ಲಿ ಖಾಲಿದ್ ಅಲ್‌-ಮಿಹ್ದಾರ್ ಎಂಬಾತನ ಬಳಿ ಅಮೆರಿಕದ ವೀಸಾ ಇತ್ತೆಂಬುದೂ, ನವಾಫ್ ಅಲ್‌-ಹಜ್ಮಿ ಎಂಬಾತ ಲಾಸ್ ಏಂಜಲೀಸ್‌ಗೆ ಬಂದಿಳಿದಿದ್ದನೆಂಬುದೂ ಆ ಸಂಸ್ಥೆಯ ಕಡತಗಳನ್ನು ಸೇರಿದ್ದವು. ಆದರೆ ಇವರಿಬ್ಬರ ಹೆಸರು ನಿಗಾ ಪಟ್ಟಿಗೆ ಬಂದದ್ದು 2001ರ ಆಗಸ್ಟ್ ತಿಂಗಳ ಉತ್ತರಾರ್ಧದಲ್ಲಿ. ಇವರಿಬ್ಬರೂ ಪಾಲ್ಗೊಂಡ ಸೆಪ್ಟೆಂಬರ್ 11ರ ವಿಮಾನ ದಾಳಿಗೆ ಆಗ ಮೂರು ವಾರಗಳೂ ಉಳಿದಿರಲಿಲ್ಲ. ದಾಳಿಯ ತನಿಖೆಗೆ ನೇಮಕವಾದ ಆಯೋಗವು 2004ರ ಜುಲೈನಲ್ಲಿ ನೀಡಿದ ವರದಿಯಲ್ಲಿ, ‘ಅಗತ್ಯವಿದ್ದವರಿಗೆ ಮಾತ್ರ ಮಾಹಿತಿ’ ಎಂಬ ಹಳೆಯ ರೂಢಿಯನ್ನು ಬಿಟ್ಟು ‘ಹಂಚಿಕೊಳ್ಳುವುದೇ ಅಗತ್ಯ’ ಎಂಬ ರೂಢಿಗೆ ಸಂಸ್ಥೆಗಳು ಬರಬೇಕೆಂದು ಹೇಳಿತು.

ಹಂಚಿಕೆ ಹೆಚ್ಚಿದ ಮೇಲೂ ತೊಂದರೆ ನಿಲ್ಲಲಿಲ್ಲ. 2009ರ ನವೆಂಬರ್‌ನಲ್ಲಿ ನೈಜೀರಿಯಾದ ತಂದೆಯೊಬ್ಬರು ತಮ್ಮ ಮಗ ಉಗ್ರರ ಸಹವಾಸಕ್ಕೆ ಬಿದ್ದಿರಬಹುದೆಂದು ಅಮೆರಿಕದ ರಾಯಭಾರ ಕಚೇರಿಗೇ ಹೋಗಿ ತಿಳಿಸಿದರು. ಆ ಮಗ ಡಿಸೆಂಬರ್ 25ರಂದು ಡೆಟ್ರಾಯಿಟ್‌ಗೆ ಹೊರಟಿದ್ದ ವಿಮಾನದಲ್ಲಿ ಬಾಂಬ್ ಸ್ಫೋಟಿಸಲು ಯತ್ನಿಸಿದ. ಮಾಹಿತಿ ಈ ಸಲ ಹಂಚಿಕೆಯಾಗಿತ್ತು, ವಿಶ್ಲೇಷಕರ ಕೈಗೆಟುಕುವಂತಿತ್ತು. ಬಿಡಿ ಸುಳಿವುಗಳನ್ನು ಕೂಡಿಸಿ ಕೊನೆಯವರೆಗೆ ಬೆನ್ನುಹತ್ತುವ ಹೊಣೆ ಮಾತ್ರ ಯಾರೊಬ್ಬರದೂ ಆಗಿರಲಿಲ್ಲ. ಮರುವರ್ಷ, ಅಂದರೆ 2010ರಲ್ಲಿ, ಅದೇ ದೇಶದ ಎರಡೂವರೆ ಲಕ್ಷಕ್ಕೂ ಹೆಚ್ಚು ರಾಜತಾಂತ್ರಿಕ ಸಂದೇಶಗಳು ಸೋರಿಕೆಯಾದವು. ಎಲ್ಲರೂ ನೋಡಲೆಂದು ಒಂದೇ ಜಾಲದಲ್ಲಿ ತೆರೆದಿಟ್ಟದ್ದನ್ನು ಕೆಳಹಂತದ ಒಬ್ಬ ವಿಶ್ಲೇಷಕ ರಾಶಿಗಟ್ಟಲೆ ನಕಲು ಮಾಡಲು ಸಾಧ್ಯವಾಗಿತ್ತು.

ಹಂಚದಿರುವುದು, ಹಂಚಿಯೂ ಹೊಣೆ ಹೊರದಿರುವುದು, ಹದ್ದುಬಸ್ತಿಲ್ಲದೆ ಹಂಚುವುದು ಎಂಬ ಈ ಮೂರು ಬಗೆಯ ಸೋಲುಗಳನ್ನು ಒಟ್ಟಿಗೆ ತಪ್ಪಿಸುವಂತೆ ವ್ಯವಸ್ಥೆಯೊಂದನ್ನು ಕಟ್ಟುವುದು ಹೇಗೆಂಬುದೇ ಈ ಬರಹದ ವಿಷಯ. ಭದ್ರತಾ ಇಲಾಖೆಗಳಲ್ಲಿ, ಗಡಿ ಹಾಗೂ ವಲಸೆ ವಿಭಾಗಗಳಲ್ಲಿ, ಸೈಬರ್ ರಕ್ಷಣೆಯ ತಂಡಗಳಲ್ಲಿ ಕೆಲಸ ಮಾಡುವವರನ್ನೂ, ಅವರನ್ನು ಪ್ರಶ್ನಿಸುವ ಹಕ್ಕುಳ್ಳ ಜನಪ್ರತಿನಿಧಿಗಳನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ‘ಬಿಗ್ ಡೇಟಾ’ ಎಂದು ಕರೆಯುವ ಬೃಹತ್ ದತ್ತಾಂಶ ಸಂಗ್ರಹದ ಗಾತ್ರ ಭದ್ರತೆಯನ್ನು ಹೆಚ್ಚಿಸುವುದಿಲ್ಲ. ಮಾಹಿತಿ ಒಂದು ಕೈಯಿಂದ ಇನ್ನೊಂದು ಕೈಗೆ ಸಾಗುವ ಜಾಗಗಳನ್ನು ಸರಿಪಡಿಸಿದಾಗ ಮಾತ್ರ ಅದು ಹೆಚ್ಚುತ್ತದೆ ಎಂಬುದು ನನ್ನ ಖಚಿತ ನಿಲುವು.

ಮೊದಲು ಪ್ರಶ್ನೆ, ಆಮೇಲೆ ದತ್ತಾಂಶ

ಕೆಲಸ ಆರಂಭಿಸುವ ಮುನ್ನ, ಈ ದತ್ತಾಂಶದಿಂದ ಯಾವ ಪ್ರಶ್ನೆಗೆ ಉತ್ತರ ಬೇಕು, ಉತ್ತರ ಸಿಕ್ಕರೆ ಯಾರು ಯಾವ ಕ್ರಮ ಕೈಗೊಳ್ಳುತ್ತಾರೆ ಎಂಬುದನ್ನು ಒಂದೇ ಪುಟದಲ್ಲಿ ಬರೆಯಬೇಕು. ‘ಅಪಾಯಕಾರಿ ವ್ಯಕ್ತಿಗಳನ್ನು ಗುರುತಿಸುವುದು’ ಎಂಬಂಥ ವಾಕ್ಯ ಪ್ರಶ್ನೆಯೇ ಅಲ್ಲ. ‘ಕಳವಾಗಿದೆಯೆಂದು ದಾಖಲಾದ ಪಾಸ್‌ಪೋರ್ಟ್ ಬಳಸಿ ಮುಂದಿನ ಎರಡು ದಿನಗಳಲ್ಲಿ ಯಾರಾದರೂ ಪ್ರಯಾಣಕ್ಕೆ ಟಿಕೆಟ್ ಕಾದಿರಿಸಿದ್ದಾರೆಯೇ?’ ಎಂಬುದು ಪ್ರಶ್ನೆ, ಏಕೆಂದರೆ ಅದಕ್ಕೆ ಬೇಕಾದ ದತ್ತಾಂಶ ಯಾವುದು, ಬೇಡದ್ದು ಯಾವುದು ಎಂಬುದು ಆ ವಾಕ್ಯದಲ್ಲೇ ತೀರ್ಮಾನವಾಗುತ್ತದೆ.

ಹೀಗೆ ಪ್ರಶ್ನೆಯನ್ನು ಕಿರಿದುಗೊಳಿಸುವುದಕ್ಕೆ ಗಣಿತದ ಕಾರಣವಿದೆ, ಅದನ್ನು ಎಷ್ಟು ಬಾರಿ ವಿವರಿಸಿದರೂ ಕಡಿಮೆಯೇ. ಒಂದು ಕೋಟಿ ಜನರ ದಾಖಲೆಗಳಲ್ಲಿ ನಿಜವಾಗಿ ಸಂಚು ರೂಪಿಸುತ್ತಿರುವವರು 100 ಮಂದಿ ಇದ್ದಾರೆಂದೂ, ಅವರನ್ನು ಪತ್ತೆಹಚ್ಚುವ ಅಲ್ಗಾರಿದಂ ಎರಡೂ ದಿಕ್ಕಿನಲ್ಲಿ ಶೇಕಡ 99ರಷ್ಟು ನಿಖರವೆಂದೂ ಊಹಿಸೋಣ. ಅದು 99 ಸಂಚುಕೋರರನ್ನು ಹಿಡಿಯುತ್ತದೆ. ಜೊತೆಗೆ ಉಳಿದ 99,99,900 ಜನರಲ್ಲಿ ಶೇಕಡ 1ರಷ್ಟು, ಅಂದರೆ 99,999 ನಿರಪರಾಧಿಗಳನ್ನೂ ಶಂಕಿತರೆಂದು ತೋರಿಸುತ್ತದೆ. ಒಬ್ಬ ನಿಜವಾದ ಶಂಕಿತನ ಹಿಂದೆ ಸುಮಾರು 1,010 ನಿರಪರಾಧಿಗಳು ಸಾಲುಗಟ್ಟುತ್ತಾರೆ. ಪ್ರತಿ ಎಚ್ಚರಿಕೆಯ ಪರಿಶೀಲನೆಗೆ ಎರಡು ಗಂಟೆ ಹಿಡಿದರೂ ಒಟ್ಟು ಎರಡು ಲಕ್ಷ ಗಂಟೆ ಬೇಕು. ವರ್ಷಕ್ಕೆ ಎರಡು ಸಾವಿರ ಗಂಟೆ ದುಡಿಯುವ ನೂರು ಅಧಿಕಾರಿಗಳ ಒಂದಿಡೀ ವರ್ಷ ಅದರಲ್ಲೇ ಕಳೆಯುತ್ತದೆ. ಶೇಕಡ 99 ನಿಖರತೆಯೇ ವಾಸ್ತವದಲ್ಲಿ ಬಲು ದೂರದ ಮಾತು ಎಂಬುದನ್ನೂ ನೆನಪಿಡಬೇಕು. ಭಯೋತ್ಪಾದನೆ ಅಪರೂಪದ ಘಟನೆಯಾದ್ದರಿಂದ ಯಂತ್ರಕ್ಕೆ ಕಲಿಸಲು ಬೇಕಾದಷ್ಟು ಹಳೆಯ ಉದಾಹರಣೆಗಳೇ ಇರುವುದಿಲ್ಲ. ಕ್ರೆಡಿಟ್ ಕಾರ್ಡ್ ವಂಚನೆಯನ್ನು ಪತ್ತೆಹಚ್ಚುವ ತಂತ್ರ ಇಲ್ಲಿ ಅದೇ ಫಲ ಕೊಡದಿರುವುದು ಈ ಕಾರಣದಿಂದಲೇ.

ಅಮೆರಿಕದ ಅನುಭವ ಇದನ್ನೇ ಹೇಳುತ್ತದೆ. ಅಲ್ಲಿ ದೇಶದೊಳಗಿನ ದೂರವಾಣಿ ಕರೆಗಳ ದಾಖಲೆಗಳನ್ನು ಸಗಟಾಗಿ ಸಂಗ್ರಹಿಸುತ್ತಿದ್ದ ಕಾರ್ಯಕ್ರಮವನ್ನು, ಖಾಸಗಿತನ ಮತ್ತು ನಾಗರಿಕ ಸ್ವಾತಂತ್ರ್ಯಗಳ ಮೇಲ್ವಿಚಾರಣಾ ಮಂಡಳಿ ಪರಿಶೀಲಿಸಿತು. ಭಯೋತ್ಪಾದನಾ ತನಿಖೆಯೊಂದರ ಫಲಿತಾಂಶವನ್ನು ಆ ಕಾರ್ಯಕ್ರಮ ಸ್ಪಷ್ಟವಾಗಿ ಬದಲಿಸಿದ ಒಂದು ನಿದರ್ಶನವೂ ತನಗೆ ಸಿಗಲಿಲ್ಲವೆಂದು 2014ರ ಜನವರಿಯಲ್ಲಿ ಮಂಡಳಿ ವರದಿ ಮಾಡಿತು. ಅದೇ ವರ್ಷದ ಜುಲೈನಲ್ಲಿ, ನಿರ್ದಿಷ್ಟ ವಿದೇಶೀಯರನ್ನು ಗುರಿಯಾಗಿಸಿದ ಮತ್ತೊಂದು ಕಾರ್ಯಕ್ರಮವನ್ನು ಪರಿಶೀಲಿಸಿ, ಅದರಲ್ಲಿ ನಾಗರಿಕರ ಖಾಸಗಿತನದ ಬಗ್ಗೆ ಕಳವಳಗಳಿವೆಯಾದರೂ ಭದ್ರತೆಯ ದೃಷ್ಟಿಯಿಂದ ಅದು ಉಪಯುಕ್ತವೆಂದು ಅದೇ ಮಂಡಳಿ ಹೇಳಿತು. ಎರಡನೆಯದಕ್ಕೆ ಪ್ರಶ್ನೆಯಿತ್ತು, ಮೊದಲನೆಯದಕ್ಕೆ ರಾಶಿ ಮಾತ್ರವಿತ್ತು.

ಹಾಗಾಗಿ ಒಬ್ಬ ವ್ಯಕ್ತಿ ಅಥವಾ ಒಂದು ದೂರವಾಣಿ ಸಂಖ್ಯೆಯ ತಿಳಿದ ಸುಳಿವಿನಿಂದ ಆರಂಭಿಸಿ, ಅದರ ಸಂಪರ್ಕಗಳನ್ನು ಒಂದೊಂದೇ ಹೆಜ್ಜೆಯಾಗಿ ಹುಡುಕುವ ವಿಧಾನಕ್ಕೆ ಮೊದಲ ಆದ್ಯತೆ ಇರಲಿ. ಇಡೀ ಜನಸಂಖ್ಯೆಗೆ ಅಪಾಯದ ಅಂಕ ಕೊಡುವ ವಿಧಾನವನ್ನು ಯಾರಾದರೂ ಮುಂದಿಟ್ಟರೆ, ಮೇಲಿನ ಲೆಕ್ಕವನ್ನು ಅವರ ಸಂಖ್ಯೆಗಳನ್ನೇ ಹಾಕಿ ಮಾಡಿ ತೋರಿಸುವಂತೆ ಕೇಳಬೇಕು.

ಒಬ್ಬ ವ್ಯಕ್ತಿ, ಹಲವು ಕಾಗುಣಿತ

ಮಾಹಿತಿ ಹಂಚಿಕೆಯ ವ್ಯವಸ್ಥೆಗಳು ಸೋಲುವುದು ಬಹುಪಾಲು ಇಲ್ಲಿ: ಎರಡು ದಾಖಲೆಗಳು ಒಬ್ಬನದೇ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. 2009ರ ಪ್ರಕರಣದಲ್ಲಿ ಯುವಕನ ಹೆಸರಿನ ಕಾಗುಣಿತ ತಪ್ಪಾಗಿ ನಮೂದಾದ್ದರಿಂದ, ಆತನ ಬಳಿ ಚಾಲ್ತಿಯಲ್ಲಿರುವ ವೀಸಾ ಇಲ್ಲವೆಂದೇ ವಿದೇಶಾಂಗ ಇಲಾಖೆ ಮೊದಲು ಭಾವಿಸಿತ್ತು. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಮೇಲೆ ದಾಳಿ ನಡೆಸಿದ ಸೋದರರಲ್ಲಿ ಹಿರಿಯವನ ಬಗ್ಗೆ ರಷ್ಯಾ 2011ರಲ್ಲೇ ಎಚ್ಚರಿಸಿತ್ತು. ನಿಗಾ ದಾಖಲೆಯೊಂದರಲ್ಲಿ ಆತನ ಹೆಸರು ಬೇರೆ ಕಾಗುಣಿತದಲ್ಲಿ ಸೇರಿತ್ತು. ರಷ್ಯನ್, ಅರಬ್ಬಿ, ಚೀನೀ ಅಥವಾ ಭಾರತೀಯ ಲಿಪಿಗಳ ಹೆಸರನ್ನು ರೋಮನ್ ಲಿಪಿಗೆ ಇಳಿಸುವಾಗ ಇಂಥ ವ್ಯತ್ಯಾಸ ಆಗಿಯೇ ತೀರುತ್ತದೆ.

ಇದಕ್ಕೆ ಮಾಡಬೇಕಾದ ಕೆಲಸ ಬೇಸರ ತರಿಸುವಂಥದ್ದು, ಆದರೆ ಬೇರೆ ಯಾವ ಹೊಸ ತಂತ್ರಜ್ಞಾನಕ್ಕಿಂತಲೂ ಹೆಚ್ಚು ಫಲ ಕೊಡುವಂಥದ್ದು. ಹೆಸರನ್ನು ಮೂಲ ಲಿಪಿಯಲ್ಲೂ ಲಿಪ್ಯಂತರದಲ್ಲೂ ಎರಡು ಪ್ರತ್ಯೇಕ ಅಂಕಣಗಳಲ್ಲಿ ಇಡಬೇಕು. ಮನೆತನದ ಹೆಸರಿಲ್ಲದ, ತಂದೆಯ ಹೆಸರನ್ನು ಇನಿಷಿಯಲ್ ಆಗಿ ಬಳಸುವ ಸಮಾಜಗಳೂ ಇರುವುದರಿಂದ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡೇ ಖಾನೆಗಳ ನಮೂನೆಯನ್ನು ಎಲ್ಲರ ಮೇಲೂ ಹೇರಬಾರದು. ಹುಟ್ಟಿದ ದಿನಾಂಕ ಖಚಿತವೇ, ಅಂದಾಜೇ ಎಂಬುದನ್ನು ದಾಖಲಿಸಬೇಕು. ಹಲವೆಡೆ ದಿನ ತಿಳಿಯದಿದ್ದಾಗ ಜನವರಿ 1 ಎಂದು ಬರೆಯುವ ವಾಡಿಕೆಯಿದೆ, ಆ ದಿನಾಂಕ ಹೊಂದಿಕೆಯಾದರೆ ಅದನ್ನು ಸಾಕ್ಷ್ಯವೆಂದು ಎಣಿಸಬಾರದು. ದಿನಾಂಕದಲ್ಲಿ ದಿನ ಮೊದಲೋ ತಿಂಗಳು ಮೊದಲೋ ಎಂಬುದನ್ನು ವರ್ಷ-ತಿಂಗಳು-ದಿನ ಎಂಬ ಒಂದೇ ಕ್ರಮಕ್ಕೆ ತರಬೇಕು.

ಹುಡುಕಾಟದಲ್ಲಿ ಅಕ್ಷರಶಃ ಹೋಲಿಕೆಯ ಜೊತೆಗೆ ಉಚ್ಚಾರಣೆಯ ಹೋಲಿಕೆಯನ್ನೂ, ಎರಡು ಹೆಸರುಗಳ ನಡುವೆ ಎಷ್ಟು ಅಕ್ಷರಗಳ ವ್ಯತ್ಯಾಸವಿದೆ ಎಂಬ ಅಳತೆಯನ್ನೂ ಬಳಸಬೇಕು. ಉಚ್ಚಾರಣೆ ಆಧರಿಸಿದ ಸೌಂಡೆಕ್ಸ್ ಪದ್ಧತಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1918ರಲ್ಲಿ. ಅದು ಇಂಗ್ಲಿಷ್ ಉಚ್ಚಾರಣೆಗೆಂದು ರೂಪಿಸಿದ್ದಾದ್ದರಿಂದ ಬೇರೆ ಭಾಷೆಗಳ ಹೆಸರುಗಳಿಗೆ ಹಾಗೆಯೇ ಹಚ್ಚಬಾರದು, ಆಯಾ ಭಾಷೆಯ ನಿಯಮಗಳನ್ನು ಆ ಭಾಷೆ ಬಲ್ಲವರಿಂದಲೇ ಬರೆಸಬೇಕು. ಹೋಲಿಕೆಯನ್ನು ಸಡಿಲಿಸಿದಷ್ಟೂ ಸುಳ್ಳು ಎಚ್ಚರಿಕೆಗಳು ಏರುತ್ತವೆ. ಅದಕ್ಕೆಂದೇ ಹೆಸರೊಂದೇ ಸಾಲದು. ಹುಟ್ಟಿದ ವರ್ಷ, ಪ್ರಯಾಣ ದಾಖಲೆಯ ಸಂಖ್ಯೆ, ಪ್ರಯಾಣದ ಇತಿಹಾಸ ಇವುಗಳಲ್ಲಿ ಇನ್ನೊಂದಾದರೂ ಸ್ವತಂತ್ರವಾಗಿ ಹೊಂದಿದಾಗ ಮಾತ್ರ ಎರಡು ದಾಖಲೆಗಳನ್ನು ಕೂಡಿಸಬೇಕು. ಕೂಡಿಸಿದ್ದನ್ನು ಮುಂದೊಂದು ದಿನ ಬಿಡಿಸಲು ಬರುವಂತೆ ಮೂಲ ದಾಖಲೆಗಳನ್ನು ಹಾಗೆಯೇ ಉಳಿಸಬೇಕು. ತಪ್ಪಾಗಿ ಬೆಸೆದ ಎರಡು ಬದುಕುಗಳನ್ನು ಬೇರ್ಪಡಿಸಲಾಗದ ವ್ಯವಸ್ಥೆ ಎಷ್ಟು ವೇಗದ್ದಾದರೂ ಬಳಕೆಗೆ ಯೋಗ್ಯವಲ್ಲ.

ದತ್ತಾಂಶ ತನ್ನ ಜಾಗದಲ್ಲೇ ಇರಲಿ

ಎಲ್ಲ ಇಲಾಖೆಗಳ ದಾಖಲೆಗಳನ್ನು ಒಂದೇ ಮಹಾ ಭಂಡಾರಕ್ಕೆ ತುಂಬುವ ಯೋಚನೆ ಆಕರ್ಷಕವಾಗಿ ಕಾಣುತ್ತದೆ. ಆದರೆ ಅಲ್ಲಿಗೆ ನಕಲು ಮಾಡಿದ ಮರುಕ್ಷಣದಿಂದಲೇ ಮಾಹಿತಿ ಹಳತಾಗತೊಡಗುತ್ತದೆ, ಮೂಲ ಇಲಾಖೆ ಮಾಡಿದ ತಿದ್ದುಪಡಿ ಅಲ್ಲಿಗೆ ತಲುಪುವುದಿಲ್ಲ, ಮತ್ತು ಒಂದೇ ಕನ್ನ ಸಾಕು, ದೇಶದ ಎಲ್ಲರ ವಿವರವೂ ಶತ್ರುವಿನ ಪಾಲಾಗುತ್ತದೆ. ಇದಕ್ಕಿಂತ ಮೇಲಾದ ದಾರಿಯೆಂದರೆ, ದತ್ತಾಂಶವನ್ನು ಅದರ ಒಡೆತನವಿರುವ ಸಂಸ್ಥೆಯಲ್ಲೇ ಬಿಟ್ಟು ಪ್ರಶ್ನೆಯನ್ನು ಮಾತ್ರ ಅಲ್ಲಿಗೆ ಕಳುಹಿಸುವುದು, ಉತ್ತರವನ್ನು ಮಾತ್ರ ಹಿಂದಕ್ಕೆ ಪಡೆಯುವುದು. ಅಮೆರಿಕವು 2015ರ ಜೂನ್‌ನಲ್ಲಿ ತಂದ ಕಾಯ್ದೆಯಿಂದ ಕರೆ ದಾಖಲೆಗಳ ಸರ್ಕಾರಿ ಸಗಟು ಸಂಗ್ರಹವನ್ನು ನಿಲ್ಲಿಸಿ, ದಾಖಲೆಗಳನ್ನು ದೂರಸಂಪರ್ಕ ಕಂಪನಿಗಳಲ್ಲೇ ಉಳಿಸಿ, ನ್ಯಾಯಾಲಯದ ಅನುಮತಿಯೊಂದಿಗೆ ನಿರ್ದಿಷ್ಟ ಸಂಖ್ಯೆಗಳ ಬಗ್ಗೆ ಮಾತ್ರ ಕೇಳುವ ಪದ್ಧತಿಗೆ ಹೋದದ್ದು ಇದೇ ದಿಕ್ಕಿನ ಹೆಜ್ಜೆ.

ಎರಡು ಸಂಸ್ಥೆಗಳು ತಮ್ಮ ಪಟ್ಟಿಗಳಲ್ಲಿ ಸಮಾನವಾಗಿರುವ ಹೆಸರುಗಳನ್ನಷ್ಟೇ ತಿಳಿಯಬೇಕಾದಾಗ, ಉಳಿದ ಹೆಸರುಗಳನ್ನು ಪರಸ್ಪರ ಬಿಟ್ಟುಕೊಡದೆ ಹೋಲಿಸುವ ಗೂಢಲಿಪಿ ತಂತ್ರಗಳು ಇಂದು ಲಭ್ಯ ಇವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಫೋನ್ ಸಂಖ್ಯೆಗಳನ್ನು ಬರಿಯ ಹ್ಯಾಶ್ ಮಾಡಿ, ಅಂದರೆ ಗಣಿತ ಸೂತ್ರದಿಂದ ಗುರುತು ಸಿಗದ ಸಂಕೇತವಾಗಿ ಬದಲಿಸಿ, ಹಂಚಿದರೆ ಗೌಪ್ಯವಾಗಿರುತ್ತದೆಂದು ನಂಬುವವರು ಬಹಳ ಮಂದಿ. ಹತ್ತು ಅಂಕಿಗಳ ಸಂಖ್ಯೆಗಳು ಒಟ್ಟು ಸಾವಿರ ಕೋಟಿ ಮಾತ್ರ, ಅಷ್ಟನ್ನೂ ಹ್ಯಾಶ್ ಮಾಡಿ ತಾಳೆ ನೋಡುವುದು ಸಾಮಾನ್ಯ ಕಂಪ್ಯೂಟರ್‌ಗೂ ಅಲ್ಪ ಸಮಯದ ಕೆಲಸ. ರಹಸ್ಯ ಕೀಲಿಯಿಲ್ಲದ ಹ್ಯಾಶ್‌ ಅನ್ನು ಈ ಉದ್ದೇಶಕ್ಕೆ ಒಪ್ಪಲೇಬಾರದು.

ಪ್ರತಿ ಮಾಹಿತಿಯ ಜೊತೆಗೂ ಅದರ ಜಾತಕ

ಹಂಚುವ ಪ್ರತಿ ತುಣುಕಿಗೂ ಅದು ಎಲ್ಲಿಂದ ಬಂತು, ಎಂದು ಬಂತು, ಎಷ್ಟು ನಂಬಬಹುದು, ಯಾರಿಗೆಲ್ಲ ತೋರಿಸಬಹುದು, ಯಾವಾಗ ಅಳಿಸಬೇಕು ಎಂಬ ವಿವರಗಳನ್ನು ಲಗತ್ತಿಸಬೇಕು. ಇದಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಗುಪ್ತಚರ ಲೋಕದಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಪದ್ಧತಿಯಲ್ಲಿ ಮೂಲದ ವಿಶ್ವಾಸಾರ್ಹತೆಗೆ ‘ಎ’ಯಿಂದ ‘ಎಫ್‌’ವರೆಗೆ ಅಕ್ಷರವನ್ನೂ, ಮಾಹಿತಿಯ ಸತ್ಯಾಸತ್ಯತೆಗೆ 1ರಿಂದ 6ರವರೆಗೆ ಅಂಕಿಯನ್ನೂ ಬೇರೆ ಬೇರೆಯಾಗಿ ಕೊಡುತ್ತಾರೆ. ನಂಬಲರ್ಹ ವ್ಯಕ್ತಿಯೂ ತಪ್ಪು ಸುದ್ದಿ ತರಬಹುದು, ನಂಬಲಾಗದವನೂ ನಿಜ ಹೇಳಬಹುದು ಎಂಬ ಅರಿವು ಈ ವಿಂಗಡಣೆಯಲ್ಲಿದೆ. ಯಾರಿಗೆ ತೋರಿಸಬಹುದೆಂಬುದಕ್ಕೆ ಸೈಬರ್ ಭದ್ರತಾ ತಂಡಗಳು ಟ್ರಾಫಿಕ್ ದೀಪದ ಬಣ್ಣಗಳ ನಿಯಮವನ್ನು ಬಳಸುತ್ತವೆ: ಕೆಂಪಾದರೆ ಪಡೆದ ವ್ಯಕ್ತಿಗೆ ಮಾತ್ರ, ಹಳದಿಯಾದರೆ ಆತನ ಸಂಸ್ಥೆ ಹಾಗೂ ಅದರ ಗ್ರಾಹಕರೊಳಗೆ, ಹಸಿರಾದರೆ ಸಮುದಾಯದೊಳಗೆ, ಬಣ್ಣವಿಲ್ಲದ ‘ಕ್ಲಿಯರ್’ ಗುರುತಿದ್ದರೆ ಎಲ್ಲರಿಗೂ. ಯಂತ್ರದಿಂದ ಯಂತ್ರಕ್ಕೆ ಬೆದರಿಕೆಯ ವಿವರ ಕಳುಹಿಸಲು ಸ್ಟಿಕ್ಸ್ ಎಂಬ ನಮೂನೆಯೂ ಟ್ಯಾಕ್ಸಿ ಎಂಬ ವಾಹಕವೂ ಮುಕ್ತ ಮಾನದಂಡಗಳಾಗಿ ದೊರೆಯುತ್ತವೆ.

ಮೂಲದ ವಿವರ ಕಳೆದುಹೋದರೆ ಏನಾಗುತ್ತದೆಂಬುದಕ್ಕೆ ಇರಾಕ್ ಯುದ್ಧದ ಪೂರ್ವಕಥೆಗಿಂತ ಕಟುವಾದ ನಿದರ್ಶನ ಬೇಕಿಲ್ಲ. ಸಂಚಾರಿ ಜೈವಿಕ ಅಸ್ತ್ರ ಘಟಕಗಳ ಬಗ್ಗೆ ಜರ್ಮನಿಯ ಗುಪ್ತಚರ ಸಂಸ್ಥೆಗೆ ಒಬ್ಬ ಇರಾಕಿ ಹೇಳಿದ ಮಾತುಗಳು ‘ಕರ್ವ್‌ಬಾಲ್’ ಎಂಬ ಗುಪ್ತನಾಮದಡಿ ಅಮೆರಿಕಕ್ಕೆ ಬಂದು, ಸುಮಾರು 100 ವರದಿಗಳಾಗಿ ಹಂಚಿಕೆಯಾದವು. ಅಮೆರಿಕದ ಸಂಸ್ಥೆಗಳು ಯುದ್ಧಕ್ಕೆ ಮುನ್ನ ಆತನನ್ನು ತಾವೇ ವಿಚಾರಿಸಿರಲಿಲ್ಲ. 2003ರ ಫೆಬ್ರವರಿ 5ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಈ ಘಟಕಗಳ ಬಗ್ಗೆ ಅಮೆರಿಕ ಮಂಡಿಸಿದ ಆರೋಪ ಮುಖ್ಯವಾಗಿ ಆ ಒಬ್ಬನ ಮಾತನ್ನೇ ಆಧರಿಸಿತ್ತು, ಆತ ಹೇಳಿದ್ದು ಕಟ್ಟುಕಥೆಯಾಗಿತ್ತು. ನೂರು ವರದಿಗಳು ನೂರು ಸಾಕ್ಷಿಗಳಲ್ಲ. ಪ್ರತಿ ಮೂಲಕ್ಕೂ, ಅವನ ಹೆಸರು ಬಯಲಾಗದಂತೆ, ಬದಲಾಗದ ಒಂದು ಗುರುತು ಸಂಖ್ಯೆ ಕೊಟ್ಟರೆ, ಮೂರು ಸಂಸ್ಥೆಗಳಿಂದ ಬಂದ ಮೂರು ವರದಿಗಳ ಹಿಂದೆ ಇರುವವನು ಒಬ್ಬನೇ ಎಂಬುದು ವಿಶ್ಲೇಷಕನಿಗೆ ಕೂಡಲೇ ಕಾಣುತ್ತದೆ.

ಮೂಲವನ್ನು ಬಚ್ಚಿಡುವ ಅಗತ್ಯವೇ ಹಂಚಿಕೆಗೆ ಅಡ್ಡಿಯಾಗುತ್ತದೆಯಾದ್ದರಿಂದ, ವರದಿ ಬರೆಯುವಾಗಲೇ ಎರಡು ಭಾಗ ಮಾಡುವುದು ಒಳ್ಳೆಯದು. ಮೇಲ್ಭಾಗದಲ್ಲಿ ಹೇಗೆ ತಿಳಿಯಿತೆಂಬ ರಹಸ್ಯ ವಿವರ. ಕೆಳಭಾಗದಲ್ಲಿ ಏನು ತಿಳಿಯಿತು, ಏನು ಮಾಡಬೇಕು ಎಂಬ, ಗಡಿಠಾಣೆಯ ಸಿಬ್ಬಂದಿಗೂ ಕೊಡಬಹುದಾದ ನಾಲ್ಕು ಸಾಲು.

ಪಡೆದವರ ಹೊಣೆ

ಭಾರತದಲ್ಲಿ ಕೇಂದ್ರ ಮತ್ತು ರಾಜ್ಯಗಳ ಸಂಸ್ಥೆಗಳು ಭಯೋತ್ಪಾದನೆಯ ಮಾಹಿತಿ ಹಂಚಿಕೊಳ್ಳಲೆಂದು ಗುಪ್ತಚರ ದಳದಡಿ ಬಹುಸಂಸ್ಥಾ ಕೇಂದ್ರ ಇದ್ದದ್ದು 2001ರಿಂದಲೇ. ಅದನ್ನು ದಿನದ 24 ಗಂಟೆಯೂ ಕೆಲಸ ಮಾಡುವಂತೆ, ಸಂಸ್ಥೆಗಳು ಮಾಹಿತಿ ಕೊಡಲೇಬೇಕಾದಂತೆ ಬಲಪಡಿಸಿದ್ದು 2008ರ ನವೆಂಬರ್ 26ರ ಮುಂಬೈ ದಾಳಿಯ ಬಳಿಕ, ಆ ವರ್ಷದ ಕೊನೆಯ ದಿನದ ಆದೇಶದಿಂದ. ಕೇಂದ್ರವೊಂದನ್ನು ತೆರೆಯುವುದಕ್ಕೂ ಅದು ನಡೆಯುವುದಕ್ಕೂ ಇರುವ ಅಂತರ ಇದರಲ್ಲಿ ಕಾಣುತ್ತದೆ.

ಪ್ರತಿ ಎಚ್ಚರಿಕೆಗೂ ಒಬ್ಬ ಹೆಸರಿಸಿದ ಅಧಿಕಾರಿ ಹೊಣೆಗಾರನಾಗಿರಬೇಕು. ಆತನು ನಿಗದಿತ ಅವಧಿಯೊಳಗೆ ಕ್ರಮ ಕೈಗೊಂಡೆ, ಬೇರೆಯವರಿಗೆ ವರ್ಗಾಯಿಸಿದೆ, ಆಧಾರವಿಲ್ಲವೆಂದು ಮುಚ್ಚಿದೆ ಎಂಬ ಮೂರರಲ್ಲಿ ಒಂದನ್ನು ಕಾರಣಸಹಿತ ದಾಖಲಿಸಬೇಕು. ಅವಧಿ ಮೀರಿದರೆ ಎಚ್ಚರಿಕೆ ತಾನಾಗಿ ಮೇಲಧಿಕಾರಿಗೆ ಹೋಗಬೇಕು. ಮಾಹಿತಿ ಕೊಟ್ಟವರಿಗೆ ಅದು ಉಪಯೋಗವಾಯಿತೇ ಎಂಬ ಉತ್ತರ ಮರಳಲೇಬೇಕು. ತಾವು ಕಳುಹಿಸಿದ್ದು ಎಲ್ಲಿಗೆ ಹೋಯಿತೆಂದು ಎಂದೂ ತಿಳಿಯದ ಠಾಣೆಯವರು ಕ್ರಮೇಣ ಕಳುಹಿಸುವುದನ್ನೇ ಬಿಡುತ್ತಾರೆ, ಅಥವಾ ಲೆಕ್ಕ ತುಂಬಿಸಲು ಕಸವನ್ನು ಕಳುಹಿಸುತ್ತಾರೆ. ‘ಈ ತಿಂಗಳು ಎಷ್ಟು ವರದಿ ಹಂಚಿದಿರಿ’ ಎಂಬ ಅಳತೆಗೋಲು ಈ ಕಸವನ್ನೇ ಬೆಳೆಸುತ್ತದೆ. ಅದರ ಬದಲು, ಮಾಹಿತಿ ಬಂದ ಗಳಿಗೆಯಿಂದ ಕ್ರಮದ ಗಳಿಗೆಯವರೆಗಿನ ಸಮಯವನ್ನೂ, ಸುಳ್ಳಾದ ಎಚ್ಚರಿಕೆಗಳ ಪ್ರಮಾಣವನ್ನೂ ಅಳೆಯಬೇಕು.

ಒಳಗಿನವರ ಮೇಲೂ ಕಣ್ಣು

2010ರ ಸೋರಿಕೆಯ ನಂತರ ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಸಂದೇಶಗಳನ್ನು ಸೇನೆಯ ಆ ಜಾಲದಿಂದ ಹಿಂತೆಗೆದುಕೊಂಡಿತು. ಸಡಿಲ ಹಂಚಿಕೆ ಕೊನೆಗೆ ಹಂಚಿಕೆಯನ್ನೇ ಕೊಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯವಿಲ್ಲ. 2011ರ ಅಕ್ಟೋಬರ್‌ನಲ್ಲಿ ಅಲ್ಲಿನ ಅಧ್ಯಕ್ಷರು ರಹಸ್ಯ ಜಾಲಗಳ ರಕ್ಷಣೆಗೆ ಹಾಗೂ ಒಳಗಿನವರಿಂದ ಬರುವ ಅಪಾಯದ ತಡೆಗೆಂದೇ ಪ್ರತ್ಯೇಕ ಆದೇಶ ಹೊರಡಿಸಿದರು.

ಯಾರು, ಯಾವ ಪ್ರಕರಣದ ಸಲುವಾಗಿ, ಯಾವ ದಾಖಲೆ ನೋಡಿದರು ಎಂಬುದು ಅಳಿಸಲಾಗದಂತೆ ದಾಖಲಾಗಬೇಕು. ಪ್ರಕರಣದ ಸಂಖ್ಯೆ ಕೊಡದೆ ಹುಡುಕಾಟವೇ ತೆರೆಯಬಾರದು. ದಿನಕ್ಕೆ ಹತ್ತಿಪ್ಪತ್ತು ದಾಖಲೆ ನೋಡುವವನು ಒಂದು ರಾತ್ರಿ ಹತ್ತು ಸಾವಿರ ದಾಖಲೆ ಇಳಿಸಿಕೊಂಡರೆ ವ್ಯವಸ್ಥೆ ಅಲ್ಲೇ ತಡೆಯಬೇಕು. ಈ ದಾಖಲೆಗಳನ್ನು ಪರಿಶೀಲಿಸುವವರು ಅದೇ ವಿಭಾಗದ ಅಧೀನದಲ್ಲಿರಬಾರದು. ನೆರೆಯವರ, ಸಂಬಂಧಿಕರ, ರಾಜಕೀಯ ಎದುರಾಳಿಗಳ ವಿವರ ನೋಡುವ ಚಾಪಲ್ಯವನ್ನು ತಡೆಯುವುದೂ ಇದೇ ದಾಖಲೆ.

ಕಾನೂನಿನ ಮಿತಿ, ತಪ್ಪಿಗೆ ಪರಿಹಾರ

ಯುರೋಪಿನ ಒಕ್ಕೂಟವು 2006ರಲ್ಲಿ ತಂದ ನಿರ್ದೇಶನದಂತೆ ದೂರಸಂಪರ್ಕ ಕಂಪನಿಗಳು ಎಲ್ಲರ ಸಂಪರ್ಕ ವಿವರಗಳನ್ನೂ ಆರು ತಿಂಗಳಿಂದ ಎರಡು ವರ್ಷದವರೆಗೆ ಉಳಿಸಬೇಕಿತ್ತು. ಗಂಭೀರ ಅಪರಾಧದೊಂದಿಗೆ ಯಾವ ನಂಟೂ ಇಲ್ಲದವರನ್ನೂ ಒಳಗೊಂಡದ್ದು ಅಗತ್ಯದ ಮಿತಿಯನ್ನು ಮೀರಿತೆಂದು ಒಕ್ಕೂಟದ ನ್ಯಾಯಾಲಯ 2014ರ ಏಪ್ರಿಲ್ 8ರಂದು ಅದನ್ನು ರದ್ದುಪಡಿಸಿತು. ಭಾರತದ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಅದರೊಳಗೆ ಸರ್ಕಾರ ಕೈಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಕ್ರಮವು ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು ಎಂಬ ಒರೆಗಲ್ಲು ಆ ತೀರ್ಪಿನಿಂದ ಬಂತು. ಯೋಜನೆಯ ಕರಡು ಸಿದ್ಧವಾಗುವಾಗಲೇ ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿದ್ಧಪಡಿಸಿದರೆ, ಕೋಟಿಗಟ್ಟಲೆ ವೆಚ್ಚವಾದ ಮೇಲೆ ನ್ಯಾಯಾಲಯದಲ್ಲಿ ಯೋಜನೆ ಬೀಳುವುದು ತಪ್ಪುತ್ತದೆ. ಅದಕ್ಕೂ ಮಿಗಿಲಾಗಿ, ಹಾಗೆ ಮಾಡುವುದು ಸರಿಯಾದದ್ದು.

ತಪ್ಪು ನಮೂದಿಗೆ ಸಿಕ್ಕವರ ಪಾಡನ್ನು ಈ ಕೆಲಸದಲ್ಲಿರುವ ಪ್ರತಿಯೊಬ್ಬರೂ ಅರಿತಿರಬೇಕು. ಅಮೆರಿಕದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಮಲೇಷ್ಯಾದ ವಿದ್ಯಾರ್ಥಿನಿಯೊಬ್ಬರನ್ನು 2005ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ತಡೆದು ವಶಕ್ಕೆ ತೆಗೆದುಕೊಳ್ಳಲಾಯಿತು. ನಿಗಾ ಪಟ್ಟಿಗೆ ಹೆಸರು ಸೇರಿಸುವ ನಮೂನೆ ತುಂಬಿದ ತನಿಖಾಧಿಕಾರಿ ಗುರುತು ಹಾಕುವ ಸೂಚನೆಯನ್ನು ತಿರುವುಮುರುವಾಗಿ ಅರ್ಥ ಮಾಡಿಕೊಂಡದ್ದೇ ಇದಕ್ಕೆ ಕಾರಣವೆಂದು ನ್ಯಾಯಾಲಯ ತೀರ್ಪು ಕೊಟ್ಟದ್ದು 2014ರಲ್ಲಿ. ಒಂಬತ್ತು ವರ್ಷ ಆಕೆ ಹೋರಾಡಬೇಕಾಯಿತು. ಪಟ್ಟಿಗೆ ಹೆಸರು ಸೇರಿಸಲು ಇಬ್ಬರ ಒಪ್ಪಿಗೆ, ನಿಗದಿತ ಅವಧಿಗೊಮ್ಮೆ ಮರುಪರಿಶೀಲನೆ, ತಪ್ಪೆಂದು ಕಂಡರೆ ಮಾಹಿತಿ ಪಡೆದಿದ್ದ ಎಲ್ಲ ಸಂಸ್ಥೆಗಳಿಗೂ ತಿದ್ದುಪಡಿ ತಲುಪುವ ಏರ್ಪಾಡು, ದೂರುದಾರನಿಗೆ ಉತ್ತರ ಕೊಡಲೇಬೇಕಾದ ಸ್ವತಂತ್ರ ಕಚೇರಿ, ಇವಿಷ್ಟು ಇಲ್ಲದೆ ಪಟ್ಟಿಯನ್ನು ಹಂಚಲೇಬಾರದು. ಒಂದು ಕಚೇರಿಯ ತಪ್ಪು ಹಂಚಿಕೆಯಿಂದ ಹತ್ತು ಕಚೇರಿಗಳ ತಪ್ಪಾಗುತ್ತದೆ.

ಬಳಕೆಗೆ ಮುನ್ನ ಪರೀಕ್ಷೆ

ಹಿಂದೆ ನಡೆದ ಒಂದು ಪ್ರಕರಣವನ್ನು ಆರಿಸಿ, ಆಗ ಪ್ರತಿ ಸಂಸ್ಥೆಯ ಬಳಿ ಇದ್ದ ಮಾಹಿತಿಯನ್ನು ಮಾತ್ರ, ಅದು ಬಂದ ದಿನಾಂಕದ ಕ್ರಮದಲ್ಲೇ ಹೊಸ ವ್ಯವಸ್ಥೆಗೆ ಉಣಿಸಿ, ಎಚ್ಚರಿಕೆ ಎಂದು ಏಳುತ್ತದೆ, ಯಾರಿಗೆ ತಲುಪುತ್ತದೆ ಎಂಬುದನ್ನು ನೋಡಬೇಕು. ಅದೇ ಅವಧಿಯ ಸಾಮಾನ್ಯ ದಾಖಲೆಗಳನ್ನೂ ಜೊತೆಗೆ ಸೇರಿಸಿ, ಎಷ್ಟು ಸುಳ್ಳು ಎಚ್ಚರಿಕೆಗಳ ನಡುವೆ ಅದು ಎದ್ದಿತೆಂಬುದನ್ನು ಎಣಿಸಬೇಕು. ಈ ಎರಡನೆಯ ಎಣಿಕೆಯಿಲ್ಲದೆ ತೋರಿಸುವ ಯಶಸ್ಸನ್ನು ನಂಬಬಾರದು. ಕಾಗುಣಿತ ತಪ್ಪಿಸಿದ ಕಲ್ಪಿತ ದಾಖಲೆಗಳನ್ನು ಸಿಬ್ಬಂದಿಗೆ ತಿಳಿಸದೆ ಆಗಾಗ ಸೇರಿಸುತ್ತಿದ್ದರೆ, ಅವು ಎಲ್ಲಿ ಸಿಕ್ಕಿಕೊಂಡು ನಿಂತವೆಂಬುದರಿಂದ ಮುಂದಿನ ರಿಪೇರಿ ಎಲ್ಲಿ ಆಗಬೇಕೆಂಬುದು ತಿಳಿಯುತ್ತದೆ. ಎರಡೇ ಸಂಸ್ಥೆಗಳ ನಡುವೆ, ಒಂದೇ ಪ್ರಶ್ನೆಯೊಂದಿಗೆ ಆರಂಭಿಸಿ, ಈ ಪರೀಕ್ಷೆಗಳಲ್ಲಿ ವ್ಯವಸ್ಥೆ ಗೆದ್ದ ಮೇಲಷ್ಟೇ ಮೂರನೆಯ ಸಂಸ್ಥೆಯನ್ನು ಸೇರಿಸಿಕೊಳ್ಳಬೇಕು.